ಪ್ಯಾನೆಲ್‌ಗೆ ಮೊದಲು ಟಿಸಿ ನೋಡಿ: ಹಾಸನ, ಚಿಕ್ಕಮಗಳೂರಿನಲ್ಲಿ ಸೋಲಾರ್ ಕರೆಂಟನ್ನು ಲೈನಿಗೆ ಸೇರಿಸುವ ಸಮಗ್ರ ಮಾರ್ಗದರ್ಶಿ

ಪ್ಯಾನೆಲ್ ಛಾವಣಿ ಏರಿ ಕೂತಿರುತ್ತದೆ. ಪ್ಯಾನೆಲ್ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಗೋಡೆಗೆ ಬಿಗಿದಾಗಿರುತ್ತದೆ. ಆಮೇಲೆ ಸಬ್ ಡಿವಿಷನ್ ಆಫೀಸಿನಿಂದ ಮಾತು ಬರುತ್ತದೆ: "ನಿಮ್ಮ ಟಿಸಿಯಲ್ಲಿ ಕೆಪಾಸಿಟಿ ಇಲ್ಲ." ಟಿಸಿ ಅಂದರೆ ನಿಮ್ಮ ಬೀದಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್. ಇನ್ನು ಕೆಲವರಿಗೆ ಒಪ್ಪಿಗೆ ಸಿಗುತ್ತದೆ, ಮೀಟರೂ ಬರುತ್ತದೆ. ಆದರೆ ಬಿಸಿಲು ಏರಿದ ಹೊತ್ತಿಗೆ ಸರಿಯಾಗಿ ಇನ್ವರ್ಟರ್ ಆಫ್ ಆಗುತ್ತದೆ. ಸಕಲೇಶಪುರದವರು ಕೇಳಿದರೂ ಇದೇ ಪ್ರಶ್ನೆ, ಕಡೂರಿನವರು ಕೇಳಿದರೂ ಇದೇ. ಪ್ಯಾನೆಲ್ ಕಂಪನಿ, ವಾರಂಟಿ, ರೇಟು ಎಲ್ಲ ವಿಚಾರಿಸಿ, ಕರೆಂಟು ಹೋಗಬೇಕಾದ ಲೈನನ್ನು ಮಾತ್ರ ಕೊನೆಗೆ ನೋಡುತ್ತಾರೆ.

ಇಲ್ಲಿ ಆ ಕ್ರಮವನ್ನು ತಿರುಗಿಸಿ ಬರೆದಿದ್ದೇನೆ. ಮನೆ, ಹೋಂಸ್ಟೇ, ಕಾಫಿ ತೋಟ, ಅಕ್ಕಿ ಗಿರಣಿ ಇಟ್ಟುಕೊಂಡವರಿಗೆ ಇದು. ಜಮೀನಿನಲ್ಲಿ ದೊಡ್ಡ ಘಟಕ ಹಾಕುವವರಿಗೆ ಕೊನೆಯಲ್ಲಿ ಬೇರೆ ಭಾಗ ಇದೆ. ಮೊದಲ ಐದು ಹಂತ ಮುಗಿದು, ಒಪ್ಪಿಗೆ ಪತ್ರ ಕೈಗೆ ಬರುವ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ಇತ್ತೀಚಿನ ಕರೆಂಟ್ ಬಿಲ್, ಒಂದು ಮಲ್ಟಿಮೀಟರ್, ಒಂದು ನೋಟ್‌ಬುಕ್, ಫೋಟೊ ತೆಗೆಯಲು ಮೊಬೈಲು. ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮೀಟರ್ ಬೋರ್ಡಿಗೆ ಪ್ರೋಬ್ ಹಚ್ಚುವುದು ಗೊತ್ತಿಲ್ಲದಿದ್ದರೆ ಊರಿನ ವೈರ್‌ಮನ್‌ನನ್ನು ಕರೆಯಿರಿ. ಟಿಸಿ ಕಂಬದ ಹತ್ತಿರ ಮಾತ್ರ ಯಾರೂ ಕೈ ಹಾಕಬಾರದು. ಕೆಳಗೆ ನಿಂತು ನೋಡಿ, ಜೂಮ್ ಮಾಡಿ ಫೋಟೊ ತೆಗೆಯಿರಿ, ಅಷ್ಟೇ.

## ಹಂತ 1: ಬಿಲ್ಲನ್ನು ಪೂರ್ತಿ ಓದಿ

ಹಾಸನ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ಸೆಸ್ಕ್‌ಗೆ ಸೇರಿದ್ದು. ಚಿಕ್ಕಮಗಳೂರು ಜಿಲ್ಲೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಮೆಸ್ಕಾಂಗೆ. ಬೇಲೂರು ಮೂಡಿಗೆರೆ ಗಡಿಯಲ್ಲಿ ತೋಟ ಇರುವವರು ಬಿಲ್ಲಿನ ತಲೆಬರಹ ನೋಡಿಯೇ ಮುಂದುವರಿಯಿರಿ. ಅರ್ಜಿ ತಪ್ಪು ಕಂಪನಿಗೆ ಹೋದರೆ ವಾರಗಟ್ಟಲೆ ಸುಮ್ನೆ ಹಾಳು.

ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಗುರುತು ಸಂಖ್ಯೆ), ಮಂಜೂರಾದ ಲೋಡ್, ಸಿಂಗಲ್ ಫೇಸೋ ಮೂರು ಫೇಸೋ, ಯಾವ ದರ ವರ್ಗ ಅನ್ನುವುದನ್ನು ಬರೆದುಕೊಳ್ಳಿ. ಹಾಗೇ ಯಾರ ಹೆಸರಿದೆ ನೋಡಿ. ಮಲೆನಾಡಿನ ಹಳೇ ಮನೆಗಳಲ್ಲಿ ಆರ್‌ಆರ್ ನಂಬರ್ ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ಸಬ್ಸಿಡಿ, ಬ್ಯಾಂಕ್ ಸಾಲ, ಒಪ್ಪಂದ ಮೂರೂ ಆ ಹೆಸರಿನ ಮೇಲೇ ನಿಲ್ಲುತ್ತವೆ. ಹೆಸರು ಬದಲಾವಣೆಗೆ ಇವತ್ತೇ ಅರ್ಜಿ ಕೊಡಿ. ಉಳಿದ ಹಂತಗಳು ಅದರ ಜೊತೆಗೇ ನಡೆಯಲಿ.

## ಹಂತ 2: ನಿಮ್ಮದು ಯಾವ ಫೀಡರ್?

ಇದನ್ನು ಕೇಳದೆ ಕೆಟ್ಟವರೇ ಜಾಸ್ತಿ. ಫೀಡರ್ ಅಂದರೆ ವಿದ್ಯುತ್ ಸ್ಟೇಷನ್ನಿನಿಂದ ಟಿಸಿಗಳ ತನಕ ಕರೆಂಟು ತರುವ ಲೈನ್. ನಮ್ಮ ಹಳ್ಳಿಗಳಲ್ಲಿ 11 ಕೆವಿ (11,000 ವೋಲ್ಟ್) ಫೀಡರ್‌ಗಳು ಸಾಮಾನ್ಯವಾಗಿ ಎರಡು ಬಗೆ. ನಿರಂತರ ಜ್ಯೋತಿ ಫೀಡರ್‌ನಲ್ಲಿ ಮನೆ, ಅಂಗಡಿ, ಗಿರಣಿಗಳಿಗೆ ದಿನವಿಡೀ ಕರೆಂಟು. ಐಪಿ ಫೀಡರ್‌ನಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸ್.

ಲೈನಿಗೆ ಸೇರುವ ಇನ್ವರ್ಟರ್‌ಗೆ ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಜೀವ. ಲೈನ್ ಸತ್ತರೆ ಇನ್ವರ್ಟರ್ ಕೂಡ ನಿಲ್ಲಲೇಬೇಕು. ಕಂಬದ ಮೇಲೆ ಕೆಲಸ ಮಾಡುವ ಪವರ್‌ಮನ್ ಪ್ರಾಣ ಉಳಿಯುವುದು ಈ ನಿಯಮದಿಂದ. ಹೀಗಾಗಿ ನಿಮ್ಮ ತೋಟದ ಮನೆ ಐಪಿ ಫೀಡರ್‌ಗೆ ತಗುಲಿಕೊಂಡಿದ್ದು, ಆ 7 ಗಂಟೆಯಲ್ಲಿ ಮೂರು ಗಂಟೆ ರಾತ್ರಿಗೆ ಬಿದ್ದಿದ್ದರೆ, ಹಗಲಿಗೆ ಉಳಿಯುವುದು ನಾಲ್ಕೇ ಗಂಟೆ. ಮೂರು ಫೇಸ್ ಇಲ್ಲದ ಹೊತ್ತಿನಲ್ಲಿ ಮೂರು ಫೇಸ್ ಇನ್ವರ್ಟರ್ ಸ್ಟಾರ್ಟೇ ಆಗುವುದಿಲ್ಲ. ಎಷ್ಟು ಬಿಸಿಲು ಇದ್ದರೇನು?

ಕಂಡುಹಿಡಿಯುವುದು ಸುಲಭ. ಒಂದು ವಾರ, ಬೆಳಗ್ಗೆ 9ರಿಂದ ಸಂಜೆ 4ರವರೆಗೆ, ಮೂರು ಫೇಸ್ ಯಾವಾಗ ಬಂತು, ಯಾವಾಗ ಹೋಯಿತು ಬರೆದಿಡಿ. ಜೊತೆಗೆ ಪವರ್‌ಮನ್‌ ಹತ್ತಿರ ಫೀಡರ್ ಹೆಸರು, ಅದು ಹೊರಡುವ ಸ್ಟೇಷನ್ ಹೆಸರು ಕೇಳಿ. ಈ ಎರಡು ಹೆಸರು ಮುಂದೆ ಎಲ್ಲ ಕಾಗದದಲ್ಲೂ ಬೇಕು.

ಎಚ್ಚರಿಕೆ: ಐಪಿ ಫೀಡರ್‌ನಲ್ಲಿ ಇರುವ ಮನೆಯಾದರೆ ಮೊದಲು ನಿರಂತರ ಜ್ಯೋತಿ ಲೈನಿಗೆ ಬದಲಾಯಿಸಲು ಅರ್ಜಿ ಕೊಡಿ. ಅದಾಗದೆ ಸೋಲಾರ್ ಹಾಕಿದರೆ ಲೆಕ್ಕಕ್ಕೆ ಬರುವುದಿಲ್ಲ.

## ಹಂತ 3: ಟಿಸಿಯಲ್ಲಿ ಎಷ್ಟು ಜಾಗ ಇದೆ?

ನಿಮ್ಮ ಸರ್ವಿಸ್ ವೈರ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯಿರಿ. ಟಿಸಿ ಸಿಗುತ್ತದೆ. ಅದರ ನೇಮ್‌ಪ್ಲೇಟಿನ ಮೇಲೆ ಕೆವಿಎ ಲೆಕ್ಕ, ಅಂದರೆ ಅದು ಎಷ್ಟು ಲೋಡ್ ಹೊರಬಲ್ಲದು ಅನ್ನುವುದು ಇರುತ್ತದೆ. ಹಳ್ಳಿಗಳಲ್ಲಿ 25, 63, 100 ಸಾಮಾನ್ಯ, ಪೇಟೆಯಲ್ಲಿ 250 ಕೂಡ ಸಿಗುತ್ತದೆ. ಪ್ಲೇಟ್ ತುಕ್ಕು ಹಿಡಿದಿದ್ದರೆ ಕಂಬದ ಮೇಲೆ ಬರೆದ ಟಿಸಿ ನಂಬರ್ ಗುರುತು ಹಾಕಿಕೊಳ್ಳಿ. ಆಫೀಸಿನಲ್ಲಿ ಅದರಿಂದ ಉಳಿದದ್ದು ಸಿಗುತ್ತದೆ.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇರಲಿ. 25 ಕೆವಿಎ ಟಿಸಿ ಅಂದರೆ ಮೂರು ಫೇಸ್ ಸೇರಿ 25. ಒಂದೊಂದು ಫೇಸಿಗೆ ಬರುವುದು 8 ಚಿಲ್ಲರೆ ಮಾತ್ರ. ಅದೇ ಫೇಸಿನಲ್ಲಿ 5 ಕಿಲೋವ್ಯಾಟ್‌ನ ಎರಡು ಸಿಂಗಲ್ ಫೇಸ್ ಸೋಲಾರ್ ಬಂದರೆ 10 ಆಯಿತು. ಮಧ್ಯಾಹ್ನ ಎಲ್ಲರೂ ತೋಟದಲ್ಲಿ ಇರುತ್ತಾರೆ, ಮನೆಗಳಲ್ಲಿ ಫ್ರಿಜ್ಜು ಬಿಟ್ಟರೆ ಬೇರೆ ಲೋಡ್ ಇಲ್ಲ. ಟಿಸಿ ಒಟ್ಟಾರೆ ಖಾಲಿ ಇದ್ದರೂ ಆ ಒಂದು ಫೇಸ್ ತುಂಬಿ ಹೋಗುತ್ತದೆ. ಅದಕ್ಕೇ "ಟಿಸಿ ಎಷ್ಟು?" ಅಂತ ಕೇಳಿದರೆ ಸಾಲದು. "ನನ್ನ ಫೇಸಿನಲ್ಲಿ ಈಗಾಗಲೇ ಎಷ್ಟು ಸೋಲಾರ್ ಇದೆ?" ಅಂತ ಕೇಳಬೇಕು. ಫೇಸ್ ಬದಲಾಯಿಸುವುದು ಪವರ್‌ಮನ್‌ಗೆ ಸಣ್ಣ ಕೆಲಸ. ಟಿಸಿ ಬದಲಾಯಿಸುವುದು ದೊಡ್ಡ ಕೆಲಸ. ಮೊದಲನೆಯದನ್ನು ಕೇಳದೆ ಎರಡನೆಯದಕ್ಕೆ ಕಾಯುವವರನ್ನು ನೋಡಿದರೆ ಬೇಸರವಾಗುತ್ತದೆ.

ನಿಮ್ಮ ಟಿಸಿಯಲ್ಲಿ ಅಕ್ಕಪಕ್ಕದವರು ಯಾರ್ಯಾರು ಸೋಲಾರ್ ಹಾಕಿದ್ದಾರೆ, ಯಾರು ಹಾಕುವ ಯೋಚನೆಯಲ್ಲಿದ್ದಾರೆ ವಿಚಾರಿಸಿ. ಒಂದು ಟಿಸಿಗೆ ಎಷ್ಟು ಸೋಲಾರ್ ಸೇರಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಅದನ್ನು ಟಿಸಿ ಕೆಪಾಸಿಟಿಯ ಇಷ್ಟು ಶೇಕಡಾ ಅಂತ ಲೆಕ್ಕ ಹಾಕುತ್ತಾರೆ. ಮೊದಲು ಬಂದವರಿಗೆ ಮೊದಲು ಜಾಗ. ಬೀದಿಯ ನಾಲ್ಕು ಮನೆಯವರು ಒಟ್ಟಾಗಿ ಹೋಗಿ ದೊಡ್ಡ ಟಿಸಿ ಕೇಳಿದರೆ, ಒಬ್ಬರೇ ಹೋಗಿ ಕೇಳಿದ್ದಕ್ಕಿಂತ ಬೇಗ ಕೆಲಸ ಆಗುತ್ತದೆ.

## ಹಂತ 4: ವೋಲ್ಟೇಜ್ ಅಳೆಯಿರಿ

ಮೀಟರ್ ಬೋರ್ಡಿನ ಹತ್ತಿರ ಬೆಳಗ್ಗೆ 7, ಮಧ್ಯಾಹ್ನ 1, ಸಂಜೆ 7ಕ್ಕೆ ವೋಲ್ಟೇಜ್ ನೋಡಿ ಬರೆಯಿರಿ. ಒಂದು ವಾರ ಸಾಕು, ಆದರೆ ಭಾನುವಾರ ಬಿಡಬೇಡಿ. ಗಿರಣಿ, ವೆಲ್ಡಿಂಗ್ ಶಾಪು ಮುಚ್ಚಿದ ದಿನ ವೋಲ್ಟೇಜ್ ಏರುತ್ತದೆ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ, ವೋಲ್ಟೇಜ್ ನಿಗದಿತ ಮಟ್ಟದ ಶೇ. 80ಕ್ಕಿಂತ ಇಳಿದರೆ ಅಥವಾ ಶೇ. 110ಕ್ಕಿಂತ ಏರಿದರೆ ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಬಿಡಿಸಿಕೊಳ್ಳಬೇಕು. 230 ವೋಲ್ಟ್ ಲೆಕ್ಕದಲ್ಲಿ ಕೆಳಗೆ 184, ಮೇಲೆ 253.

ಸೋಲಾರ್ ಕರೆಂಟು ಲೈನಿಗೆ ಹೋಗಬೇಕಾದರೆ ನಿಮ್ಮ ಕಡೆ ವೋಲ್ಟೇಜ್ ಲೈನಿಗಿಂತ ಸ್ವಲ್ಪ ಮೇಲಿರಬೇಕು. ಕಾಲುವೆಗೆ ನೀರು ಹರಿಯಲು ಗದ್ದೆಯ ಮಟ್ಟ ಎತ್ತರ ಇರಬೇಕಲ್ವಾ, ಹಾಗೆ. ತಂತಿ ಉದ್ದ ಇದ್ದಷ್ಟೂ, ತೆಳ್ಳಗಿದ್ದಷ್ಟೂ ಈ ಏರಿಕೆ ಹೆಚ್ಚು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಟಿಸಿಯಿಂದ 500 ಮೀಟರ್ ದೂರದಲ್ಲಿ ತೋಟದ ಮನೆ. ವೀಸಲ್ ಅನ್ನುವ ತೆಳು ಲೈನ್ ತಂತಿ, ಕಿಲೋಮೀಟರಿಗೆ ಸುಮಾರು 0.91 ಓಮ್ ತಡೆ. 5 ಕಿಲೋವ್ಯಾಟ್ ಸಿಂಗಲ್ ಫೇಸ್ ಅಂದರೆ 22 ಆಂಪಿಯರ್. ಹೋಗಿ ಬರುವ ದಾರಿ ಸೇರಿ 1 ಕಿಲೋಮೀಟರ್. 22ನ್ನು 0.91ರಿಂದ ಗುಣಿಸಿದರೆ 20 ವೋಲ್ಟ್. ಮಧ್ಯಾಹ್ನ ಲೈನಿನಲ್ಲಿ 238 ಇದ್ದರೆ ಮನೆಯಲ್ಲಿ 258 ಆಗುತ್ತದೆ. ಇನ್ವರ್ಟರ್ ನಿಂತಿತು.

ಅದೇ 5 ಕಿಲೋವ್ಯಾಟ್, ಅದೇ ತಂತಿ, ಮೂರು ಫೇಸ್ ಇನ್ವರ್ಟರ್. ಒಂದೊಂದು ಫೇಸಿನಲ್ಲಿ 7 ಆಂಪಿಯರ್ ಚಿಲ್ಲರೆ. ಮೂರೂ ಸಮನಾಗಿ ಇರುವುದರಿಂದ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದು ಏನೂ ಇಲ್ಲ. ಏರಿಕೆ 3 ವೋಲ್ಟ್ ಚಿಲ್ಲರೆ ಮಾತ್ರ. 20 ಎಲ್ಲಿ, 3 ಎಲ್ಲಿ! ನಿಯಮದಲ್ಲಿ 5 ಕಿಲೋವ್ಯಾಟ್ ತನಕ ಸಿಂಗಲ್ ಫೇಸ್ ಸಾಕು. ಆದರೂ ಟಿಸಿ ದೂರ ಇರುವ ಮಲೆನಾಡಿನ ಒಂಟಿ ಮನೆಗಳಿಗೆ ಮೂರು ಫೇಸ್ ಮಾಡಿಸಿಕೊಳ್ಳುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಅಂಕಿ ಓದುವುದು ಹೀಗೆ:

- ಮಧ್ಯಾಹ್ನ 245 ದಾಟುತ್ತಿದೆ: ಸೋಲಾರ್ ಹಾಕುವ ಮೊದಲೇ ಲೈನಿನ ವೋಲ್ಟೇಜ್ ಮೇಲಿನ ಮಿತಿಯ ಹತ್ತಿರ ಕೂತಿದೆ. ಸೇರಿಸಿದರೆ ಇನ್ವರ್ಟರ್ ಪದೇ ಪದೇ ನಿಲ್ಲುತ್ತದೆ.
- ಫೆಬ್ರವರಿ, ಮಾರ್ಚಿನಲ್ಲಿ 190ಕ್ಕಿಂತ ಕೆಳಗೆ: ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ, ಪಂಪುಗಳು ಎಳೆಯುತ್ತವೆ. ಇನ್ವರ್ಟರ್ ಕೆಳಗಿನ ಮಿತಿಗೆ ಬಡಿದು ನಿಲ್ಲಬಹುದು.
- ಒಂದು ಫೇಸ್ 260, ಇನ್ನೊಂದು 190: ನ್ಯೂಟ್ರಲ್ ಸಡಿಲ ಆಗಿರುವ ಗುರುತು. ಇದು ಅಪಾಯ. ತಕ್ಷಣ 1912ಕ್ಕೆ ದೂರು ಕೊಡಿ. ಸರಿಯಾಗುವ ತನಕ ಯಾವ ಇನ್ವರ್ಟರನ್ನೂ ಸೇರಿಸಬೇಡಿ.

ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನೂ ನೋಡಿ. ಹಳೇ ಕಾಲದ ತೆಳು ಅಲ್ಯೂಮಿನಿಯಂ ವೈರು, ನಡುವೆ ಎರಡು ಗಂಟು ಇದ್ದರೆ ಅಲ್ಲೇ ಕೆಲವು ವೋಲ್ಟ್ ಹೋಗುತ್ತದೆ. ಅದನ್ನು ಬದಲಾಯಿಸುವ ಖರ್ಚು ಕಡಿಮೆ, ಫಲ ಜಾಸ್ತಿ.

## ಹಂತ 5: ಬರವಣಿಗೆಯಲ್ಲಿ ಕೇಳಿ

ಬಾಯಿಮಾತಿನ "ಆಗುತ್ತೆ ಸಾರ್" ನಂಬಬೇಡಿ. ಸಬ್ ಡಿವಿಷನ್‌ನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಒಂದು ಪುಟದ ಪತ್ರ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಒಕ್ಕಣೆ ಇಷ್ಟು ಸಾಕು:

"ಮಾನ್ಯರೇ, ನನ್ನ ಆರ್‌ಆರ್ ನಂಬರ್ ... ಇರುವ ಸ್ಥಾವರದಲ್ಲಿ ... ಕಿಲೋವ್ಯಾಟ್ ಸೋಲಾರ್ ಘಟಕ ಅಳವಡಿಸಲು ಯೋಚಿಸಿದ್ದೇನೆ. ದಯವಿಟ್ಟು ಈ ವಿವರ ಕೊಡಬೇಕು: ಟಿಸಿ ನಂಬರ್ ಮತ್ತು ಕೆಪಾಸಿಟಿ, ಅದಕ್ಕೆ ಈಗಾಗಲೇ ಸೇರಿರುವ ಮತ್ತು ಮಂಜೂರಾಗಿರುವ ಸೋಲಾರ್ ಎಷ್ಟು, ಇನ್ನೂ ಸೇರಿಸಬಹುದಾದ ಮಿತಿ, 11 ಕೆವಿ ಫೀಡರ್ ಹೆಸರು ಮತ್ತು ಬಗೆ, ಎಲ್‌ಟಿ ಲೈನಿನ (ಟಿಸಿಯಿಂದ ಮನೆ ಕಡೆಗೆ ಬರುವ ಲೈನಿನ) ತಂತಿ ಯಾವುದು, ಟಿಸಿ ಅಥವಾ ಲೈನ್ ಹೆಚ್ಚಿಸಬೇಕಾದರೆ ಖರ್ಚು ಯಾರದು."

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಜೆಇ (ಜೂನಿಯರ್ ಎಂಜಿನಿಯರ್) ಹತ್ತಿರ ಒಮ್ಮೆ ಎದುರು ಕೂತು ಮಾತಾಡುವುದೂ ಒಳ್ಳೆಯದು. ಅವರಿಗೆ ಲೈನಿನ ಕಥೆ ಕಾಗದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ಗ್ರಾಹಕರ ಹಕ್ಕುಗಳ ಕೇಂದ್ರ ನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿ ಪ್ರಕಾರ, 5 ಕಿಲೋವ್ಯಾಟ್ ತನಕದ ಛಾವಣಿ ಸೋಲಾರ್‌ಗೆ ಬೇಕಾದ ಲೈನ್ ಬಲಪಡಿಸುವ ಕೆಲಸವನ್ನು ವಿತರಣಾ ಕಂಪನಿ ತನ್ನ ಖರ್ಚಿನಲ್ಲೇ ಮಾಡಬೇಕು. 10 ಕಿಲೋವ್ಯಾಟ್ ತನಕದ ಪೂರ್ಣ ಅರ್ಜಿಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿಗೆ ಸಿಕ್ಕಂತೆ. ಅದಕ್ಕಿಂತ ದೊಡ್ಡದಕ್ಕೆ ಪರಿಶೀಲನೆ 15 ದಿನದಲ್ಲಿ ಮುಗಿಯಬೇಕು. ಪತ್ರದಲ್ಲಿ ಈ ನಿಯಮ ಉಲ್ಲೇಖಿಸಿ.

ಆದರೆ ಕಾಗದದ ಒಪ್ಪಿಗೆ ಸಿಕ್ಕಿತು ಅಂತ 25 ಕೆವಿಎ ಟಿಸಿ 63 ಆಗುವುದಿಲ್ಲ. "10 ಕಿಲೋವ್ಯಾಟ್ ತನಕ ಏನೂ ನೋಡಬೇಕಾಗಿಲ್ಲ" ಅಂತ ಹೇಳಿ ಮಾರುವವರು ಇದ್ದಾರೆ. ಹಂತ 2ರಿಂದ 4ರ ತನಕದ ಕೆಲಸವನ್ನು ಅವರು ನಿಮಗಾಗಿ ಮಾಡಿಕೊಡುವುದಿಲ್ಲ.

## ಹಂತ 6: ಅಳತೆ ನಿರ್ಧರಿಸಿ, ಅರ್ಜಿ ಹಾಕಿ

ವರ್ಷದ ಸರಾಸರಿಯಲ್ಲಿ 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಅಂತ ಹಿಡಿಯುತ್ತಾರೆ. ಅರಸೀಕೆರೆ, ಕಡೂರಿನ ಬಯಲಿಗೆ ಇದು ಸರಿ. ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಆಗಸ್ಟ್ ತನಕ ಮೋಡ ಬಿಡುವುದಿಲ್ಲ, ಅಲ್ಲಿನವರು ಕಡಿಮೆ ಹಿಡಿಯಬೇಕು. ಸಿಲ್ವರ್ ಓಕ್ ನೆರಳು ಬೀಳುವ ಛಾವಣಿ ಬಿಟ್ಟು ಪಲ್ಪರ್ ಮನೆ, ಗೋದಾಮಿನ ಶೀಟು ನೋಡಿ.

ಮನೆಗಾದರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಅರ್ಜಿ. ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್ ಇರುವಂಥದ್ದು ಆಗಿರಬೇಕು, ಹಾಕುವವರು ಪೋರ್ಟಲ್‌ನಲ್ಲಿ ನೋಂದಾಯಿಸಿದವರಾಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಸಬ್ಸಿಡಿ ಹೋಯಿತು.

ಅಡ್ವಾನ್ಸ್ ಕೊಡುವುದು ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ. ಪತ್ರದಲ್ಲಿ ಅವಧಿ ಬರೆದಿದ್ದರೆ ಆ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಳೆಗಾಲದಲ್ಲಿ ಶೀಟಿನ ಮೇಲೆ ಕೆಲಸ ನಿಂತು ಅವಧಿ ಮೀರುವುದು ಮಲೆನಾಡಿನಲ್ಲಿ ಮಾಮೂಲು.

## ಹಂತ 7: ಅಳವಡಿಸುವಾಗ ನಿಂತು ನೋಡಿ

ಅರ್ಥಿಂಗ್‌ನಲ್ಲೇ ಕಂಜೂಸಿ ನಡೆಯುವುದು. ಪ್ಯಾನೆಲ್ ಕಡೆಗೆ ಒಂದು, ಇನ್ವರ್ಟರ್ ಕಡೆಗೆ ಒಂದು, ಸಿಡಿಲು ತಡೆಗೆ ಒಂದು, ಹೀಗೆ ಬೇರೆ ಬೇರೆ ಗುಂಡಿ ತೋಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಎಂಥದ್ದು ಅಂತ ಗೊತ್ತೇ ಇದೆ. ಪ್ಯಾನೆಲ್, ಇನ್ವರ್ಟರ್ ಎರಡೂ ಕಡೆ ಸರ್ಜ್ ತಡೆ (ವೋಲ್ಟೇಜ್ ದಿಢೀರ್ ಏರಿದರೆ ಕಾಪಾಡುವ ಸಾಧನ) ಇದೆಯಾ ಕೇಳಿ, ಕಣ್ಣಾರೆ ನೋಡಿ.

ಜನರೇಟರ್ ಇರುವ ತೋಟ, ಹೋಂಸ್ಟೇಗಳಲ್ಲಿ ಇನ್ನೊಂದು ದೊಡ್ಡ ತಪ್ಪು ಆಗುತ್ತದೆ. ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿನ ಮನೆ ಕಡೆಗೆ ಇನ್ವರ್ಟರ್ ಸೇರಿಸಿಬಿಡುತ್ತಾರೆ. ಕರೆಂಟು ಹೋಗಿ ಜನರೇಟರ್ ಶುರುವಾದಾಗ ಇನ್ವರ್ಟರ್ ಅದನ್ನೇ ಲೈನ್ ಅಂದುಕೊಂಡು ಅದರೊಳಕ್ಕೆ ಕರೆಂಟು ತಳ್ಳುತ್ತದೆ. ಜನರೇಟರ್ ಸುಡುತ್ತದೆ. ಇನ್ವರ್ಟರ್ ಯಾವಾಗಲೂ ಚೇಂಜ್‌ಓವರ್‌ನ ಲೈನ್ ಕಡೆಗೇ ಸೇರಬೇಕು.

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿನವರಿಗೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಬ್ಯಾಟರಿ ಇಲ್ಲದ ಬರೀ ಆನ್‌ಗ್ರಿಡ್ ಹಾಕಿಸಿಕೊಂಡು ಕತ್ತಲಲ್ಲಿ ಕೂತು ಆಮೇಲೆ ಬೈದರೆ ಏನೂ ಮಾಡಲು ಬರುವುದಿಲ್ಲ. ಬ್ಯಾಟರಿ ಹಾಕುವುದಾದರೆ ಅರ್ಜಿಯಲ್ಲೇ ಹೇಳಿ.

## ಹಂತ 8: ತಪಾಸಣೆ, ಮೀಟರ್, ಒಪ್ಪಂದ

ದೊಡ್ಡ ಘಟಕಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು. ನಿಮ್ಮ ಅಳತೆಗೆ ಬೇಕೋ ಬೇಡವೋ ಒಪ್ಪಿಗೆ ಪತ್ರದ ಷರತ್ತಿನಲ್ಲಿ ನೋಡಿ. ಮೀಟರ್ ಕೂರಿಸುವ ದಿನ ಹಳೇ ಮೀಟರಿನ ಕೊನೆಯ ರೀಡಿಂಗ್, ಹೊಸದರ ಒಳಬರುವ ಮತ್ತು ಹೊರಹೋಗುವ ಯೂನಿಟ್‌ಗಳ ಮೊದಲ ರೀಡಿಂಗ್ ಎಲ್ಲದರ ಫೋಟೊ ತೆಗೆಯಿರಿ. ಜೆಇ ಎದುರೇ ಮೇನ್ ಸ್ವಿಚ್ ಆಫ್ ಮಾಡಿಸಿ. ಇನ್ವರ್ಟರ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಸಹಿ ಹಾಕಬೇಡಿ.

## ಹಂತ 9: ಮೊದಲ ತಿಂಗಳು

ಇನ್ವರ್ಟರ್ ಆ್ಯಪ್‌ನಲ್ಲಿ ದಿನದ ಗೆರೆ ನೋಡಿ. ಮೋಡವಿಲ್ಲದ ದಿನ ಅದು ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯಬೇಕು. 11ರಿಂದ 2ರ ನಡುವೆ ಹಲ್ಲು ಹಲ್ಲಾಗಿ ಕತ್ತರಿಸಿದಂತೆ ಇದ್ದರೆ, ಜೊತೆಗೆ ಗ್ರಿಡ್ ಓವರ್‌ವೋಲ್ಟೇಜ್ ಅಂತ ದಾಖಲೆ ಇದ್ದರೆ, ತೊಂದರೆ ಲೈನಿನದು. ಆ ದಾಖಲೆಯ ಸ್ಕ್ರೀನ್‌ಶಾಟ್ ಮತ್ತು ಹಂತ 4ರ ನಿಮ್ಮ ವೋಲ್ಟೇಜ್ ಪಟ್ಟಿ ಸೇರಿಸಿ ಎಇಇ ಅವರಿಗೆ ಕೊಡಿ.

ಇನ್ವರ್ಟರಿನ ಮೇಲಿನ ಮಿತಿಯನ್ನು 270ಕ್ಕೋ 280ಕ್ಕೋ ಏರಿಸಿಕೊಡುತ್ತೇನೆ ಅನ್ನುವವರು ಬರುತ್ತಾರೆ. ಒಪ್ಪಲೇಬೇಡಿ. ನಿಮ್ಮ ಪಕ್ಕದ ಮನೆಯ ಟಿವಿ, ಫ್ರಿಜ್ಜು ಸುಡುವುದು ಆ ವೋಲ್ಟೇಜಿನಿಂದಲೇ.

## ಜಮೀನಿನಲ್ಲಿ ದೊಡ್ಡ ಘಟಕ ಹಾಕುವವರಿಗೆ

ರೈತರ ಸೋಲಾರ್‌ಗಾಗಿ ಇರುವ ಕೇಂದ್ರದ ಕುಸುಮ್ ಯೋಜನೆಯ ಮೊದಲ ಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್ ತನಕದ ಘಟಕಗಳಿಗೆ ಅವಕಾಶ ಇದೆ. 1 ಮೆಗಾವ್ಯಾಟ್‌ಗೆ ಸುಮಾರು 4 ಎಕರೆ ಬೇಕು. ಸ್ಟೇಷನ್‌ನಿಂದ 5 ಕಿಲೋಮೀಟರ್ ಒಳಗಿನ ಜಾಗಕ್ಕೆ ಆದ್ಯತೆ. ಈ 5 ಕಿಲೋಮೀಟರ್ ಯಾಕೆ ಅಂತ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 11 ಕೆವಿಯಲ್ಲಿ 1 ಮೆಗಾವ್ಯಾಟ್ ಅಂದರೆ 52 ಆಂಪಿಯರ್. ರ‍್ಯಾಬಿಟ್ ಅನ್ನುವ ಲೈನ್ ತಂತಿಯಲ್ಲಿ 10 ಕಿಲೋಮೀಟರ್ ದೂರದಿಂದ ತಳ್ಳಿದರೆ ವೋಲ್ಟೇಜ್ ಹತ್ತಿರ ಹತ್ತಿರ 500 ವೋಲ್ಟ್ ಏರುತ್ತದೆ, ಅಂದರೆ ಶೇ. 4.5. 2 ಮೆಗಾವ್ಯಾಟ್ ಆದರೆ ಅದರ ಎರಡರಷ್ಟು. ಆ ಫೀಡರಿನ ಎಲ್ಲ ಟಿಸಿಗಳಿಗೂ ಇದರ ಪೆಟ್ಟು ಬೀಳುತ್ತದೆ. ಅದಕ್ಕೇ ಇಂಥ ಘಟಕಕ್ಕೆ ಸ್ಟೇಷನ್ ತನಕ ಪ್ರತ್ಯೇಕ ಲೈನ್ ಯೋಚಿಸಿ. ಅದು ಯಾರ ಜಮೀನು ದಾಟುತ್ತದೆ, ನಡುವೆ ಅರಣ್ಯ ಸಿಗುತ್ತದಾ ಅಂತ ಜಮೀನಿನ ಮಾತುಕತೆಗೂ ಮೊದಲೇ ನೋಡಿ.

ಸ್ಟೇಷನ್‌ನಲ್ಲಿ ಎರಡು ವಿಷಯ ಕೇಳಬೇಕು. ಹೊಸ ಲೈನ್ ಸೇರಿಸಲು ಖಾಲಿ ಬೇ (ಸ್ವಿಚ್ ಕೂರಿಸುವ ಜಾಗ) ಇದೆಯಾ? ಪವರ್ ಟ್ರಾನ್ಸ್‌ಫಾರ್ಮರ್ 8 ಎಂವಿಎಯೋ 12.5ಓ, ಅದರ ಹಗಲಿನ ಕನಿಷ್ಠ ಲೋಡ್ ಎಷ್ಟು? 11 ಕೆವಿ ಫೀಡರ್ ವಿತರಣಾ ಕಂಪನಿಯದು, 66 ಕೆವಿ ಸ್ಟೇಷನ್ ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನದು. ಹಾಗಾಗಿ ಇಬ್ಬರಿಂದಲೂ ಬರವಣಿಗೆಯಲ್ಲಿ ಉತ್ತರ ಬೇಕು.

ಕನಿಷ್ಠ ಲೋಡ್ ಕೇಳುವಾಗ ಬೇಸಿಗೆಯ ಅಂಕಿ ಕೊಟ್ಟರೆ ತೃಪ್ತಿಪಡಬೇಡಿ. ಮಾರ್ಚಿನಲ್ಲಿ ಪಂಪುಗಳು ಓಡುತ್ತವೆ, ಸೋಲಾರ್ ಕರೆಂಟು ಅಲ್ಲೇ ಖರ್ಚಾಗಿಬಿಡುತ್ತದೆ. ಕಷ್ಟದ ಕಾಲ ಅಕ್ಟೋಬರ್, ನವೆಂಬರ್. ಮಳೆ ನಿಂತು ಬಿಸಿಲು ಚುರುಕಾಗಿರುತ್ತದೆ, ಆದರೆ ನೆಲದಲ್ಲಿ ತೇವ ಇರುವುದರಿಂದ ಪಂಪ್ ಹಾಕುವವರು ಕಡಿಮೆ. ದೀಪಾವಳಿ ರಜೆ ಬೇರೆ. ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಫೀಡರ್‌ವಾರು ಗಂಟೆಗಂಟೆಯ ಆಂಪಿಯರ್ ಬರೆದಿರುತ್ತಾರೆ. ಹಿಂದಿನ ಎರಡು ವರ್ಷದ ಅಕ್ಟೋಬರ್, ನವೆಂಬರ್ ಭಾನುವಾರಗಳ ಮಧ್ಯಾಹ್ನ 12 ಮತ್ತು 1 ಗಂಟೆಯ ಅಂಕಿ ಕೇಳಿ ಪಡೆಯಿರಿ. ಆ ಟ್ರಾನ್ಸ್‌ಫಾರ್ಮರಿನ ಎಲ್ಲ ಫೀಡರ್‌ಗಳ ಅಂಕಿ ಕೂಡಿಸಿ ನೋಡಿದಾಗ ನಿಮ್ಮ ಘಟಕದ ಆಂಪಿಯರ್ ಆ ಮೊತ್ತಕ್ಕಿಂತ ದೊಡ್ಡದಾದರೆ, ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟು 66 ಕೆವಿ ಕಡೆಗೆ ಹಿಂದಕ್ಕೆ ಹರಿಯಲು ಒಪ್ಪಿಗೆ ಇದೆಯಾ ಅಂತ ಕೆಪಿಟಿಸಿಎಲ್‌ನಿಂದ ಬರೆಸಿಕೊಂಡ ಮೇಲೆಯೇ ಜಮೀನಿನ ಕರಾರಿಗೆ ಸಹಿ ಹಾಕಿ.